ಆರ್ಟ್ ಗ್ಯಾಲರಿಯೊಳಗ ಮಳಿಗಾಲದ ಚಿತ್ರಪ್ರದರ್ಶನ: ಎಲ್ಲಿ ಎಡವತೀವಿ?

ಸಾಧನಕೇರಿ ಕುಂಚ:
ಆಗಸ್ಟ್‌ನ್ಯಾಗ ಧಾರವಾಡದ ಒಂದು ಗ್ಯಾಲರಿಯೊಳಗ ಐದು ದಿನದ ಪ್ರದರ್ಶನ ಅದ. 35 ಚಿತ್ರ, ಅರ್ಧ ಜಲವರ್ಣ, ಅರ್ಧ ತೈಲವರ್ಣ. ಫ್ರೇಮಿನ ಅಗಲ ಸರಾಸರಿ 60 ಸೆಂ.ಮೀ. ಗೋಡಿಗೆ ಮೊಳಿ ಹೊಡಿಯೋ ಹಂಗಿಲ್ಲ, ಮ್ಯಾಲಿನ ಪಟ್ಟಿಯಿಂದ ತಂತಿ ಬಿಟ್ಟು ತೂಗಹಾಕಬೇಕು. ಉದ್ಘಾಟನಿಗೆ 80 ಮಂದಿ ಬರಬಹುದು. ಹೊರಗಿಂದ ಬಂದ ಕಲಾವಿದರಿಗೆ ಮರುದಿನ ಶುಕ್ರವಾರ ಲಕ್ಕುಂಡಿ ತೋರಸಬೇಕಂತ ಮಾಡೀವಿ. ಏನೇನು ನೋಡ್ಕೋಬೇಕು, ಹೇಳ್ರಿ.

ನಡುಗೀಟು:
ಮೊದಲ ಗೋಡಿ ಅಳೀರಿ. 35 ಚಿತ್ರಕ್ಕ 21 ಮೀಟರ್, ನಡುವ 30 ಸೆಂ.ಮೀ. ಸಂದು ಬಿಟ್ರ ಇನ್ನೊಂದು 10 ಮೀಟರ್. ಬಾಗಲಾ, ಕಿಡಕಿ, ಸ್ವಿಚ್‌ಬೋರ್ಡ್ ಕಳದು 31 ಮೀಟರ್ ಗೋಡಿ ಬೇಕು. ಅಷ್ಟಿಲ್ಲಂದ್ರ ಏಳೆಂಟು ಚಿತ್ರ ಮನ್ಯಾಗ ಇಡ್ರಿ. ಎರಡು ಸಾಲ ಮಾಡಿ ತುರುಕಿದ್ರ ಫ್ರೇಮಿನ ಅಂಗಡಿ ಕಂಡಂಗ ಕಾಣ್ತದ.

ಚಿತ್ರದ ನಟ್ಟನಡು ನೆಲದಿಂದ 150 ಸೆಂ.ಮೀ.ಗೆ ಬರಲಿ. 60 ಸೆಂ.ಮೀ. ಎತ್ತರದ ಫ್ರೇಮ್ ಅಂತ ತಿಳ್ಕೋರಿ: ಹಿಂದಿನ ತಂತಿ ಮ್ಯಾಲಕ್ಕ ಜಗ್ಗಿ ಹಿಡದ್ರ ಅದರ ತುದಿ ಮೇಲಂಚಿಗಿಂತ 8 ಸೆಂ.ಮೀ. ಕೆಳಗ ನಿಂತ್ರ, 150 ಕೂಡಸು ಫ್ರೇಮಿನ ಅರ್ಧ 30, ಕಳಿ 8. ಪಟ್ಟಿಯಿಂದ ಬಿಟ್ಟ ತಂತಿಯ ಹುಕ್ಕು ನೆಲದಿಂದ 172 ಸೆಂ.ಮೀ.ಗೆ. ಮೇಲಂಚು ಸಾಲ ಹೊಂದಸಾಕ ಹೋಗಬ್ಯಾಡ್ರಿ, ನಡು ಹೊಂದಿದ್ರ ಸಾಕು. ಫ್ರೇಮಿನ ಕೊಂಡಿ ಮ್ಯಾಲಿಂದ ಮೂರನೇ ಒಂದು ಪಾಲು ಕೆಳಗ ಇರಲಿ. ಅರ್ಧಕ್ಕ ಇಳಿಸಿದ್ರ ಫ್ರೇಮ್ ಮುಂದಕ್ಕ ಬಾಗ್ತದ.

ಹಳೇ ಹುಬ್ಬಳ್ಳಿ ಬಣ್ಣ:
ಆಗಸ್ಟ್ ಅಂದ್ರ ಜಲವರ್ಣಕ್ಕ ವೈರಿ. ಕಾಗದ ಥಂಡಿ ಹೀರಿ ಉಬ್ಬತೈತಿ, ಗಾಜಿಗೆ ತಾಗಿದ್ರ ಅಲ್ಲೇ ಅಂಟಿ ಕೂಡತೈತಿ. ಗಾಜಿಗೂ ಕಾಗದಕ್ಕೂ ನಡುವ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂಡಸೋ ದಪ್ಪ ರಟ್ಟಿನ ಚೌಕಟ್ಟು) ಇಲ್ಲದ್ದನ್ನ ತರಬ್ಯಾಡ್ರಿ. ಮಳಿ ಹೊಡಿಯೋ ಕಡಿ ಗೋಡಿಗೆ ಅಂಗೈ ಇಟ್ಟು ನೋಡ್ರಿ. ತಣ್ಣಗಿದ್ರ ಅಲ್ಲಿ ತೈಲವರ್ಣ ಹಾಕ್ರಿ, ಜಲವರ್ಣ ಒಳಗೋಡಿಗೆ. ಎಲ್ಲಾ ಫ್ರೇಮಿನ ಹಿಂದ ಕೆಳಗಿನ ಎರಡು ಮೂಲಿಗೆ ಹಳೇ ಹವಾಯಿ ಚಪ್ಪಲಿ ರಬ್ಬರ್ 1 ಸೆಂ.ಮೀ. ದಪ್ಪ ಕೊಯ್ದು ಅಂಟಸ್ರಿ. ಗಾಳಿ ಆಡತೈತಿ, ಫ್ರೇಮೂ ಜಾರೂದಿಲ್ಲ.

ಛೋಟಾ ಹಾಥಿ ಅನ್ನೋ ಸಣ್ಣ ಗೂಡ್ಸ್ ಗಾಡಿಯೊಳಗ ಚಿತ್ರ ಮಲಗಿಸಿ ಒಯ್ಯಬ್ಯಾಡ್ರಿ. ನಿಂದರಸಿ, ಮುಖಕ್ಕ ಮುಖ, ಬೆನ್ನಿಗೆ ಬೆನ್ನು, ನಡುವ ರಟ್ಟು. ಬಬಲ್ ಹಾಳಿ ಗುಳ್ಳಿ ಹೊರಗ ಮಾಡಿ ಸುತ್ತರಿ, ಇಲ್ಲಂದ್ರ ತೈಲವರ್ಣದ ಮ್ಯಾಲ ಗುಳ್ಳಿ ಅಚ್ಚು ಬೀಳತೈತಿ. ಇಳಿಸಿದ ಕೂಡಲೇ ಬಿಚ್ಚರಿ. ಒಂದು ರಾತ್ರಿ ಪ್ಲಾಸ್ಟಿಕ್‌ನ್ಯಾಗ ಬಿಟ್ರ ಒಳಗ ಬೆವತಿರತೈತಿ.

ಕಡಪಾ ಮೈದಾನ:
80 ಕುರ್ಚಿ ಹಾಲ್‌ನ್ಯಾಗ ಹಾಕಿದ್ರ ಗೋಡಿ ಹತ್ರ ಯಾರು ಹೋಗತಾರ್ರಿ? ಭಾಷಣ ಪಡಸಾಲ್ಯಾಗ ಇಡ್ರಿ, ಉದ್ಘಾಟನಿ ದೀಪದ ಸಮೀನೂ ಅಲ್ಲೇ. ಒಳಗ ದೀಪ ಹಚ್ಚಿದ್ರ ಕಾಡಿಗಿ ಮ್ಯಾಲೇರ್ತದ, ಎಣ್ಣಿ ನೆಲಕ್ಕ ಬಿದ್ದು ಯಾರಾರ ಜಾರ್ತಾರ. ಸಮೀ ಕೆಳಗ ತಾಟು ಇಟ್ರ ಗ್ಯಾಲರಿಯವರೂ ತಕರಾರು ತಗಿಯೂದಿಲ್ಲ. ಗಿರ್ಮಿಟ್ಟು-ಮಿರ್ಚಿ, ಚಾ ಎಲ್ಲಾ ಚಿತ್ರ ನೋಡಿದ ಮ್ಯಾಲೆ, ಗೇಟಿನ ಕಡೆ. ಮಿರ್ಚಿ ತಿಂದ ಬೆರಳು ಕ್ಯಾನ್ವಾಸಿಗೆ ತಾಗಿದ್ರ ಜಿಡ್ಡು ಒರಸಾಕ ಬರೂದಿಲ್ಲ. ಪೇಢೆ ಕೊಟ್ರ ಕಾಗದದಾಗ ಸುತ್ತಿ ಕೊಡ್ರಿ. ಅತಿಥಿಗಳ ಹಾರದ ನೀರು ಫ್ರೇಮಿನ ಮ್ಯಾಲ ಸಿಡೀತದ, ಒಳಗ ಬರೂಮುಂದ ಹಾರ ತಗಸ್ರಿ.

ಬೆಟಗೇರಿ ಪಾಟಿ:
ಲಕ್ಕುಂಡಿ ಮ್ಯೂಸಿಯಂ ಶುಕ್ರವಾರ ಬಂದ್. ಶನಿವಾರಕ್ಕ ಇಟ್ಕೋರಿ. ಗದಗಿನಿಂದ 12 ಕಿ.ಮೀ. ಚಿತ್ರ ಬರಿಯೋರಾದ್ರ ಕಾಶಿವಿಶ್ವೇಶ್ವರ ಗುಡಿ ಬಾಗಲವಾಡದ ಮುಂದ ಒಂದು ತಾಸು ಬಿಡ್ರಿ, ಬಳಪದ ಕಲ್ಲಿನ್ಯಾಗ ಬಳ್ಳಿ ಕೊರದಾರ. ಟ್ರೈಪಾಡಿಗೆ ಮೊದಲ ಪರವಾನಗಿ ಬೇಕು.

ಸಾಧನಕೇರಿ ಕುಂಚ:
ಶನಿವಾರನ ಮಾಡತೀವ್ರಿ. ಲೈಟು?

ನಡುಗೀಟು:
ಜಲವರ್ಣಕ್ಕ 50 ಲಕ್ಸ್ (ಬೆಳಕಿನ ಅಳತಿ), ತೈಲವರ್ಣಕ್ಕ 200 ದಾಟಬಾರದು. ಮೊಬೈಲ್ ಆ್ಯಪ್ ಅಂದಾಜಿಗೆ ಸಾಕು. ಲೈಟು ಮ್ಯಾಲಿಂದ 30 ಡಿಗ್ರಿ ಓರಿ ಬೀಳಲಿ: 3.3 ಮೀಟರ್ ಎತ್ತರದ ಹಾಲಿಗೆ ಗೋಡಿಯಿಂದ ಸುಮಾರು 1 ಮೀಟರ್ ದೂರ. ದೂರ ಹೆಚ್ಚಾದ್ರ ಗಾಜಿನ್ಯಾಗ ಬಲ್ಬ್ ಕಾಣ್ತದ, ಕಡಿಮಿ ಆದ್ರ ಫ್ರೇಮಿನ ನೆರಳು ಚಿತ್ರದ ಮ್ಯಾಲೇ ಬೀಳ್ತದ. ಹ್ಯಾಲೊಜನ್ ಇದ್ರ ತಗಸಿ ಎಲ್‌ಇಡಿ ಹಾಕಸ್ರಿ.