ಸಹಾಯ ಬೇಕು: ಬಂದ ದಿನವೇ ಪಿಎಚ್‌ಕ್ಯೂ-9 ತುಂಬಿಸಲೇಬೇಕಾ?

ಮನೆಯಲ್ಲಿ ಹೊಡೆತ ತಿಂದು ಬರುವ ಹೆಂಗಸರಿಗೆ ನೆರವಾಗುವ ಸಣ್ಣ ಸಂಸ್ಥೆ ನಮ್ಮದು. ಬಂದ ದಿನವೇ ಪಿಎಚ್‌ಕ್ಯೂ-9 (ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ತುಂಬಿಸಿ, ಮೂರು ತಿಂಗಳಿಗೆ ಮತ್ತೆ ತುಂಬಿಸಿ ಅಂತ ಹಣ ಕೊಡುವವರು ಹೇಳುತ್ತಾರೆ. 27ರಲ್ಲಿ ಎಷ್ಟು ಅಂಕ ಇಳಿಯಿತು ಅನ್ನೋದೇ ಅವರಿಗೆ ಲೆಕ್ಕ. ಲೆಕ್ಕ ಕೇಳುವುದು ತಪ್ಪಲ್ಲ ಬಿಡಿ. ಆದರೆ ಅಳುತ್ತಾ ಕೂತವರಿಗೆ ಸಾಯುವ ಯೋಚನೆ ಬರುತ್ತಾ ಅನ್ನುವ ಒಂಬತ್ತನೇ ಪ್ರಶ್ನೆ ಓದಿ ಹೇಳೋದು ಹೇಗೆ? ಕೆಲವರು ಅರ್ಧಕ್ಕೇ ಎದ್ದು ಹೋದರು. ಎರಡನೇ ಭೇಟಿಗೆ ಮುಂದೂಡಿ ನೋಡಿದೆವು. ಹಾಗಾದರೆ ಮೊದಲ ಅಂಕವೇ ಸರಿಯಿಲ್ಲ ಅಂತ ಹಣ ಕೊಡುವವರು ಅಂದರು. ಹೆಸರಿಲ್ಲದೆ ತುಂಬಿಸಿದರೆ, ಆ ಪ್ರಶ್ನೆಗೆ ಹೌದು ಅಂದವರು ಯಾರಂತ ಗೊತ್ತಾಗಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾರಿಗೆ ಫೋನ್ ಹಚ್ಚಿ ಕೊಡೋದು?

ಮೊದಲ ದಿನ ಸುರಕ್ಷತೆಯ ಮಾತು ಮಾತ್ರ, ಅಂಕ ಆಮೇಲೆ ಅಂತ ಹಣ ಕೊಡುವವರನ್ನು ಒಪ್ಪಿಸಿದವರು ಇದ್ದೀರಾ? ಪತ್ರದಲ್ಲಿ ಏನಂತ ಬರೆದಿರಿ?