ಮಗಳು ‘ನಂಬುತ್ತೇನೆ’ ಎನ್ನಲು ಹಿಂಜರಿಯುತ್ತಿದ್ದಾಳೆ: ನಿಮ್ಮ ಅನುಭವ ಹೇಳಿ

ಮುಂದಿನ ತಿಂಗಳು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನಲ್ಲಿ ಮಗಳ ದೃಢೀಕರಣ, ಅಂದರೆ ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಪಡೆದವರು ನಂಬಿಕೆಯನ್ನು ತಾವಾಗಿ ಒಪ್ಪಿಕೊಳ್ಳುವ ವಿಧಿ. ಎಲ್ಲರೆದುರು ವಿಶ್ವಾಸಪ್ರಮಾಣ, ಅಂದರೆ ‘ದೇವರನ್ನು ನಂಬುತ್ತೇನೆ’ ಎಂಬ ಕ್ರೈಸ್ತ ನಂಬಿಕೆಯ ಸಾರ, ಹೇಳಬೇಕು. “ನನಗೆ ಖಾತ್ರಿಯಿಲ್ಲ, ಸುಳ್ಳು ಹೇಳಿದ ಹಾಗಾಗುತ್ತದೆ” ಎಂದು ರಾತ್ರಿ ಅಳುತ್ತಾಳೆ. ಹದಿನಾರು ವರ್ಷ. ನೀವು ಇದನ್ನು ಹೇಗೆ ದಾಟಿದಿರಿ?

ಉತ್ತರ 1
ಅಳುವ ಹುಡುಗಿಯ ಬಗ್ಗೆ ನನಗೆ ಚಿಂತೆಯಿಲ್ಲ. ನಮ್ಮ ದೃಢೀಕರಣದ ತಂಡದ ಹನ್ನೊಂದು ಮಂದಿ ಗಿಳಿಪಾಠ ಒಪ್ಪಿಸಿ, ಹೊಸ ಪ್ಯಾಂಟಿನ ಇಸ್ತ್ರಿ ಕೆಡದಂತೆ ಮೊಣಕಾಲೂರಿ, ಬಿರಿಯಾನಿ ಉಂಡು ಮನೆಗೆ ಹೋದವರು! ನನಗೆ ಆ ಮಾತು ತಟ್ಟಿದ್ದು ಮೂವತ್ತು ದಾಟಿದ ಮೇಲೆ, ಅಪ್ಪ ಆಸ್ಪತ್ರೆಯಲ್ಲಿದ್ದಾಗ. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬೇರೇನೂ ನೆನಪಾಗದೆ ಅದನ್ನೇ ಗುನುಗಿದೆ. ಆಗ ಗಮನಿಸಿದೆ: ಅಲ್ಲಿರುವುದು ‘ದೇವರಿದ್ದಾನೆಂದು ನಂಬುತ್ತೇನೆ’ ಎಂದಲ್ಲ, ‘ದೇವರನ್ನು ನಂಬುತ್ತೇನೆ’ ಎಂದು. ವೈದ್ಯರನ್ನು ನಂಬಿ ಅಪ್ಪನನ್ನು ಒಳಗೆ ಕಳುಹಿಸಿದ್ದೆನಲ್ಲ, ಅದೇ ‘ನಂಬು’. ಅವರ ಓದಿನ ಪ್ರಮಾಣಪತ್ರ ನೋಡಿರಲಿಲ್ಲ, ಕೈ ನಡುಗುತ್ತಲೇ ಸಹಿ ಹಾಕಿದ್ದೆ. ಮಗಳಿಗೆ ಆ ‘ಅನ್ನು’ ಪ್ರತ್ಯಯವನ್ನು ತೋರಿಸಿ. ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನೂ ಓದಿಸಿ. ಮೂರ್ಛೆ ಬೀಳುವ ಮಗನ ತಂದೆ, ನಂಬುತ್ತೇನೆ ಎಂದ ಬಾಯಲ್ಲೇ ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಬೇಡುತ್ತಾನೆ. ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ.

ಉತ್ತರ 2
ನಾನು ಮಂಗಳೂರಿನ ಕಥೋಲಿಕಳು. ಈಸ್ಟರ್ ಕಳೆದ ಮುಂದಿನ ಭಾನುವಾರ ಪ್ರತಿ ವರ್ಷವೂ ನಮ್ಮಲ್ಲಿ ಓದುವುದು ಸಂದೇಹಪಟ್ಟ ತೋಮನ ಪ್ರಸಂಗವನ್ನೇ. ಯೇಸು ಸತ್ತು ಎದ್ದುಬಂದದ್ದನ್ನು ಅವನ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದವನು ಎಂಟು ದಿನಗಳ ಮೇಲೂ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ. ಯಾರೂ ಹೊರಗೆ ಹಾಕಿರಲಿಲ್ಲ. ಹದಿನೇಳರಲ್ಲಿ ನನ್ನ ಸಂದೇಹವನ್ನು ಗುರುಗಳಿಗೆ ಹೇಳಿದಾಗ ಅವರು ನಕ್ಕು, ಭಾನುವಾರ ತಪ್ಪಿಸಬೇಡ ಎಂದರು. ಅಷ್ಟೇ. ಆಗ ಸಿಟ್ಟು ಬಂದಿತ್ತು.

ಉತ್ತರ 3
ನನಗೆ ಶಾಸ್ತ್ರ ತಿಳಿಯದು, ಕಿರಾಣಿ ಅಂಗಡಿಯವನು. ಅಮ್ಮ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತಿದ್ದಳು, ಕಷ್ಟದಲ್ಲಿರುವವರಿಗೆಂದು. ತಿಂಗಳ ಕೊನೆಗೆ ನಮ್ಮ ಅಕ್ಕಿಯೇ ಮುಗಿದಾಗಲೂ ಆ ಡಬ್ಬಿ ಮುಟ್ಟುತ್ತಿರಲಿಲ್ಲ, ನಮಗೆ ಗಂಜಿ. ಮಿಜೋರಾಮಿನ ಸಭೆಗಳ ಹೆಂಗಸರು ಹೀಗೆಯೇ ಹಿಡಿ ಅಕ್ಕಿ ಎತ್ತಿಡುತ್ತಾರೆಂದು ಆಮೇಲೆ ತಿಳಿಯಿತು. ಅಮ್ಮನಿಗೆ ವಿಶ್ವಾಸಪ್ರಮಾಣ ಪೂರ್ತಿ ಬಾಯಿಗೆ ಬರುತ್ತಿರಲಿಲ್ಲ, ನಡುವೆ ತಡವರಿಸುತ್ತಿದ್ದಳು. ಮಗಳ ಕೈಗೂ ಒಂದು ಡಬ್ಬಿ ಕೊಟ್ಟು ನೋಡಿ.

ಉತ್ತರ 4
ನಾನು ಒಪ್ಪುವುದಿಲ್ಲ. ಬೇಡವೆಂದರೆ ಮುಂದೂಡಿ. ನಮ್ಮ ಮಗನಿಗೆ ಎರಡು ವರ್ಷ ಬಿಟ್ಟೆವು. ನೆಂಟರು ಆಡಿಕೊಂಡರು, ಊಟಕ್ಕೆ ಹೇಳಿದ್ದನ್ನು ರದ್ದು ಮಾಡಿದ್ದೂ ಆಯಿತು. ಕೊನೆಗೆ ತಾನಾಗಿಯೇ ತರಗತಿಗೆ ಹೋದ.

ಕೇಳಿದವರು
ಪ್ರತ್ಯಯ ತೋರಿಸಿದೆ. ಬಹಳ ಹೊತ್ತು ಪುಸ್ತಕ ನೋಡುತ್ತಿದ್ದು, “ಹಾಗಾದರೆ ಇದರಲ್ಲಿ ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಅಧಿಪತಿ ಪಿಲಾತನ ಹೆಸರು ಏಕಿದೆ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಭಾನುವಾರ ಸಭಾಪಾಲಕರನ್ನು ಇಬ್ಬರೂ ಕೇಳುತ್ತೇವೆ.