ಬೆನ್ನಿನ ಬ್ಯಾಗೋ, ಚಕ್ರದ ಬ್ಯಾಗೋ?

ಕೊನೇಬೆಂಚು: ಮಗುವಿನ ತೂಕ 25 ಕಿಲೋ, ಶಾಲೆ ಬ್ಯಾಗು 4 ಕಿಲೋ. ಚಕ್ರದ ಬ್ಯಾಗು ಕೊಡಿಸಿದರೆ ತಾಪತ್ರಯ ಮುಗೀತಲ್ವಾ?

ಮೆಟ್ಟಿಲು: ಎಲ್ಲಿ ಮುಗಿಯುತ್ತೆ? ಚಕ್ರ, ಹಿಡಿಕೆ, ಚೌಕಟ್ಟು ಸೇರಿ ಖಾಲಿ ಬ್ಯಾಗೇ ಭಾರ. ಮೆಟ್ಟಿಲು ಬಂದಲ್ಲೆಲ್ಲ ಒಂದೇ ಕೈಯಲ್ಲಿ ಎತ್ತಬೇಕು, ಮೈ ಒಂದು ಕಡೆ ವಾಲುತ್ತೆ. ದಾರಿಯುದ್ದಕ್ಕೂ ನೆಲ ಸಮ ಇದ್ದರೆ ಮಾತ್ರ ಅದು ಲಾಭ.

ಫಿಸಿಯೋ: 4 ಕಿಲೋ ಅಂದರೆ ಮಗುವಿನ ತೂಕದ ಶೇ. 16. ಸಾಮಾನ್ಯವಾಗಿ ಹೇಳುವ ಮಿತಿ ಶೇ. 10ರಿಂದ 15, ಅಂದರೆ ಎರಡೂವರೆಯಿಂದ ಮೂರೂಮುಕ್ಕಾಲು ಕಿಲೋ. ಮೊದಲು ಹೊರೆ ಇಳಿಸಿ.

ಹೊಲಿಗೆಮನೆ: ಬರೀ ಲೆಕ್ಕ ಸಾಲದು ಸರ್. ಪಟ್ಟಿ ಸಡಿಲವಾಗಿ ಬ್ಯಾಗು ಕೆಳಗೆ ಜೋತರೆ ಮೂರು ಕಿಲೋನೂ ಹಿಂದಕ್ಕೆ ಎಳೆಯುತ್ತೆ. ಅದನ್ನು ತಡೆಯೋಕೆ ಮಗು ಮುಂದಕ್ಕೆ ಬಾಗಿ ಕತ್ತು ಚಾಚುತ್ತೆ. ಬ್ಯಾಗನ್ನು ಮೇಜಿನ ಮೇಲಿಟ್ಟು, ಪಟ್ಟಿ ಸಡಿಲಿಸಿ, ಎರಡೂ ಹೆಗಲಿಗೆ ಹಾಕಿ, ಆಮೇಲೆ ಕೆಳಗಿನ ತುದಿಗಳನ್ನು ಒಟ್ಟಿಗೆ ಎಳೆಯಿರಿ. ತಳ ಸೊಂಟದ ಮಟ್ಟಕ್ಕೆ ಬಂದರೆ ಒಳ್ಳೆಯದು, 10 ಸೆಂ.ಮೀ.ಗಿಂತ ಕೆಳಗಂತೂ ಇಳಿಯಬಾರದು. ಬಕಲ್ ಪಕ್ಕ ಪಟ್ಟಿ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ. ಸಂಜೆಗೆ ಗೆರೆ ಜರುಗಿದ್ದರೆ ಬಕಲ್‌ನ ಹಲ್ಲು ಸವೆದಿದೆ, ಬದಲಿಸಿ.

ಮೆಟ್ಟಿಲು: ಸೊಂಟಕ್ಕೆ ಬೆಲ್ಟ್ ಇರೋದನ್ನೇ ತಗೊಂಡರೆ?

ಹೊಲಿಗೆಮನೆ: ಸೊಂಟದ ಮೂಳೆ ಮೇಲೆ ಬಿಗಿಯಾಗಿ ಕೂತರೆ ಹೆಗಲಿನ ಭಾರ ಹಂಚಿಹೋಗುತ್ತೆ. ಚಿಕ್ಕ ಮಕ್ಕಳಿಗೆ ಅದು ಹೊಟ್ಟೆ ಮೇಲೇ ಬರೋದು ಹೆಚ್ಚು, ಆಗ ದಂಡ. ಎದೆಪಟ್ಟಿ ಭಾರ ಹೊರೋದಿಲ್ಲ, ಹೆಗಲ ಪಟ್ಟಿ ಜಾರದಂತೆ ಹಿಡಿಯುತ್ತೆ ಅಷ್ಟೆ.

ಫಿಸಿಯೋ: ಒಪ್ಪಿದೆ, ಆದರೆ ಎಷ್ಟೇ ಚೆನ್ನಾಗಿ ಕೂರಿಸಿದರೂ 4 ಕಿಲೋ 4 ಕಿಲೋನೇ. ಮೆತ್ತೆಯಿಲ್ಲದ ಸಣ್ಣ ಪಟ್ಟಿ ಹೆಗಲಿನ ನರ ಒತ್ತುತ್ತೆ; ಕೈ ಜುಮ್ಮೆಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬ್ಯಾಗಿನಿಂದ ಸ್ಕೋಲಿಯೋಸಿಸ್ ಬರುತ್ತೆ, ಬೆನ್ನುಮೂಳೆ ಸೊಟ್ಟಗಾಗುತ್ತೆ ಅನ್ನೋ ಹೆದರಿಕೆಗೆ ಮಾತ್ರ ಆಧಾರವಿಲ್ಲ.

ಸ್ಟಾಫ್‌ರೂಮ್: ಒಂದು ಲೀಟರ್ ನೀರಂದ್ರೆ ಒಂದು ಕಿಲೋ! ಶಾಲೆಯಲ್ಲಿ ಕುಡಿಯೋ ನೀರಿದ್ದರೆ ದಾರಿಗೆ 300 ಮಿ.ಲೀ. ಸಾಕು, ಉಳಿದದ್ದು ಅಲ್ಲೇ ತುಂಬಿಸಲಿ. ದಪ್ಪ ಪುಸ್ತಕ ಬೆನ್ನಿಗೆ ಅಂಟಿಕೊಂಡಿರಲಿ, ಕಂಪಾಸ್ ಬಾಕ್ಸ್ ಹೊರಗಿನ ಜೇಬಿಗೆ. ಒಂದು ಪಕ್ಕ ಬಾಟಲಿ ಇದ್ದರೆ ಇನ್ನೊಂದು ಪಕ್ಕ ಊಟದ ಡಬ್ಬಿ.

ಕೊನೇಬೆಂಚು: ಹಾಗಾದ್ರೆ ನೀರಲ್ಲೇ 700 ಗ್ರಾಂ ಇಳೀತು. 3.3 ಕಿಲೋ, ಶೇ. 13 ಚಿಲ್ಲರೆ.

ಫಿಸಿಯೋ: ಪುಸ್ತಕ ಜಾಸ್ತಿ ಇರೋ ದಿನ ಇನ್ನೊಮ್ಮೆ ತೂಗಿ. ತೂಕದ ಯಂತ್ರದ ಮೇಲೆ ಮಗು ಬ್ಯಾಗ್ ಸಮೇತ ಒಂದು ಸಲ, ಬ್ಯಾಗಿಲ್ಲದೆ ಒಂದು ಸಲ.

ಹೊಲಿಗೆಮನೆ: ಖಾಲಿ ಬ್ಯಾಗನ್ನೂ ತೂಗಿ. ಅದೇ ಒಂದು ಕಿಲೋ ಮುಟ್ಟಿದ್ದರೆ ಹಗುರದ್ದು ನೋಡಿ.